ಅಜ್ಜಿಯನ್ನು ಕೇಳದೆ ಎದ್ದವರು

ಒಣ ಧೂಳುಗಾಳಿ ಶುರುವಾಗಿ ಹತ್ತು ದಿನವಾಗಿತ್ತು. ಮಂಗಳವಾರ, ಹೊತ್ತು ಇಳಿಯುವಾಗ, ಅಡಾದೆಯ ಹೆಣವನ್ನು ಹೊಳೆಯಿಂದ ತಂದು ಊರೊಡೆಯನ ಅಂಗಳದಲ್ಲಿ ಇಳಿಸಿದರು. ಹಣೆ ಒಡೆದಿತ್ತು.

ಅಡಾದೆ ಅಂಪೊನ್ಸಾನ ಅಕ್ಕನ ಮಗ. ಆ ಊರಿನ ಅಕಾನ್ ಜನರಲ್ಲಿ ಸೋದರಮಾವನ ಪೀಠ ಅಕ್ಕನ ಮಗನಿಗೆ. ಹೆತ್ತ ಮಕ್ಕಳು ಹೆಂಡತಿಯ ಕುಲಕ್ಕೆ. ಅಂಪೊನ್ಸಾ ಒಡೆಯನ ಮಾತುಗಾರ. ಸಭೆ ಕಾವೇರಿದಾಗ "ಅಜ್ಜಿಯನ್ನು ಕೇಳಿ ಬರೋಣ" ಎನ್ನಬೇಕಾದವನು ಅವನೇ. ಅಂಗಳದ ಗೋಡೆಯ ಹಿಂದೆ ಅಜ್ಜಿ ಯಾರೂ ಇಲ್ಲ, ಎಲ್ಲರೂ ಬಲ್ಲರು. ಹಿರಿಯರು ಅಲ್ಲಿ ಕೂತು, ಸಿಟ್ಟು ತಣಿಸಿಕೊಂಡು, ಯೋಚಿಸಿ ಬರುತ್ತಿದ್ದರು.

"ಹೊಳೆಯಾಚೆಯೋರದ್ದೇ ಕೆಲಸ! ಹೋದ ವಾರ ಮೀನಿನ ಮಡುವಿಗೆ ಜಗಳ ಆಡಲಿಲ್ವೇ?" ಎಂದ ಮುದುಕ ಕೆಸಿ.

"ಕಣ್ಣಾರೆ ಕಂಡೋರು ಯಾರಾದ್ರೂ ಇದೀರೇನ್ರಪ್ಪಾ?" ಒಡೆಯ ಕೇಳಿದ.

"ಕಾಣೋದೇನು ಒಡೆಯಾ?" ಎಂದ ಕೆಸಿ. " ನಿಮ್ಮ ಮಾತುಗಾರನ್ನೇ ನೋಡಿ. ಹೊಳೆಯಾಚೆ ಅತ್ತೆ ಮನೆ ಫುಫು ಮುದ್ದೆ ನುಂಗಿದ ಬಾಯಿ, ಹ್ಯಾಗೆ ತೆರೆದೀತು?"

ಒಡೆಯ ಅಂಪೊನ್ಸಾನ ಮುಖ ನೋಡಿದ, ಆ ಒಂದು ಮಾತಿಗಾಗಿ. ಮಾತು ನಾಲಿಗೆವರೆಗೂ ಬಂದಿತ್ತು. ಅಷ್ಟರಲ್ಲಿ ಅಕ್ಕ ಹೆಣದ ಮೇಲೆ ಬಿದ್ದು ಹೊರಳಿದಳು.

"ಈಗಲೇ ಹೋಗೋಣ" ಅಂದುಬಿಟ್ಟ ಅಂಪೊನ್ಸಾ.

ಹೋದರು. ಹುಲ್ಲುಮಾಡುಗಳಿಗೆ ಬೆಂಕಿ ಬಿತ್ತು. ಆಚೆಯವರೆಲ್ಲ ಓಡಿದರು, ಕಣ್ಣು ಕಾಣದ ಒಬ್ಬ ಮುದುಕಿಗೆ ಓಡಲಾಗಲಿಲ್ಲ. ಬೆಂಕಿಯಲ್ಲಿ ಸತ್ತ ಅವಳು ಅಂಪೊನ್ಸಾನ ಹೆಂಡತಿ ಸೆರ್ವಾಳ ತಾಯಿ.

ಮರುದಿನ ಹೊಳೆಯಲ್ಲಿ ಮರಗೆಣಸು ನೆನೆಹಾಕುವ ಹೆಂಗಸರು ಸಭೆಗೆ ಬಂದರು. "ಅಡಾದೆ ಪಾಚಿ ಬಂಡೆ ಮೇಲಿಂದ ತಾನೇ ಜಾರಿದ. ನಾವು ಕೂಗಿಕೊಂಡ್ವಿ, ನೀರಿನ ಸದ್ದಿಗೆ ಯಾರಿಗೂ ಕೇಳಲಿಲ್ಲ."

"ನಿನ್ನೆ ಯಾಕ್ರಮ್ಮಾ ಹೇಳಲಿಲ್ಲ?"

"ನಿನ್ನೆ ನಮ್ಮನ್ನ ಕೇಳೋಕೆ ನಿಮಗೆ ಪುರುಸೊತ್ತೆಲ್ಲಿತ್ತು ಒಡೆಯಾ?"

ಆಗ ಅಂಪೊನ್ಸಾನ ಬಾಯಿಂದ ರೂಢಿಯ ಮಾತು ತಾನಾಗಿ ಹೊರಟಿತು: "ಅಜ್ಜಿಯನ್ನು ಕೇಳಿ ಬರೋಣ."

ಹಿರಿಯರು ಗೋಡೆಯ ಹಿಂದೆ ಹೋಗಿ ಕೂತರು. ಮೂಲೆಯಲ್ಲಿ ಯಾರೋ ಕೆಮ್ಮಿದರು. ಒಣ ಕೆಮ್ಮು, ಎರಡು ಸಲ, ಆಮೇಲೆ ಉಸಿರೆಳೆತ. ಹೊಗೆ ತಾಗಿದರೆ ಅತ್ತೆ ಹಾಗೆಯೇ ಕೆಮ್ಮುತ್ತಿದ್ದಳು.

"ಕೇಳಿಸಿತೇ?" ಎಂದ ಅಂಪೊನ್ಸಾ.

"ಏನು?" ಎಂದ ಕೆಸಿ. ಆದರೆ ಅವನೂ ಮೂಲೆಯನ್ನೇ ನೋಡುತ್ತಿದ್ದ.

ಗುರುವಾರವೆಲ್ಲ ಆ ಕೆಮ್ಮು ಅಂಪೊನ್ಸಾನ ಮನೆಯ ಗೋಡೆಯ ಹಿಂದಿತ್ತು. ಸೆರ್ವಾ ಒಂದೇ ಮಾತು ಕೇಳಿದಳು: "ಹೋಗೋಣ ಅಂದದ್ದು ನೀವೇ ಏನು?" ಅವನು ತಲೆ ತಗ್ಗಿಸಿದ.

ಶುಕ್ರವಾರ ಬಿಸಿಲೇರುವ ಮೊದಲೇ ಸೆರ್ವಾ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಓಡಿಹೋದ ತನ್ನ ಕುಲದವರ ಹಿಂದೆ ಹೊರಟುಹೋದಳು.