ಘಾಟಿನ ದಿಂಬು

ಶಿವಕಾಂತ ಬಹಳ ವರ್ಷ ಬಳಗಾನೂರಿನಲ್ಲಿ ಭತ್ತಕ್ಕೆ ಹೊಡೆಯುವ ಕೀಟನಾಶಕ ಮಾರಿದವನು. ಡಬ್ಬಿಯ ಮುಚ್ಚಳ ತೆಗೆದು ರೈತನ ಮೂಗಿನ ಹತ್ತಿರ ಹಿಡಿದು, "ಘಾಟು ನೋಡ್ರಿ, ಹುಳ ವಾಸನೀಗೇ ಸಾಯ್ತಾವ" ಎನ್ನುವುದು ಅವನ ವ್ಯಾಪಾರದ ಏಕೈಕ ಮಂತ್ರ. ಒಳಗಿನ ಔಷಧಿ ನೀರೋ ಹಾಲೋ, ಘಾಟು ಇದ್ದರೆ ಸಾಕು, ಡಬ್ಬಿ ಖರ್ಚಾಗುತ್ತಿತ್ತು. ಅಂಥವನು ಈಗ ಸಿಂಧನೂರಿನಲ್ಲಿ ಹಾಸಿಗೆ ದಿಂಬಿನ ಅಂಗಡಿ ಇಡಲು ಹೊರಟಿದ್ದ. ಡಬ್ಬಿ ಹೋಗಿ ದಿಂಬು ಬಂದಿತ್ತು. ಮಂತ್ರ ಮಾತ್ರ ಬದಲಾಗಿರಲಿಲ್ಲ.

ಇದು ಅವನ ತಮ್ಮನ ಹೆಂಡತಿ ಶಿವರಂಜನಿಗೆ ತಿಳಿದದ್ದು, ಅವನು ಮಸ್ಕಿಯ ಅವರ ಮನೆಗೆ ಮೆಮೊರಿ ಫೋಮ್ ದಿಂಬೊಂದನ್ನು ಬಗಲಲ್ಲಿಟ್ಟುಕೊಂಡು ಬಂದ ದಿನ. ಪ್ಲಾಸ್ಟಿಕ್ ಹರಿದ ಕೂಡಲೇ ಹೊಸದಾಗಿ ಬಣ್ಣ ಬಳಿದ ಕೋಣೆಯಂಥ ವಾಸನೆ ಪಡಸಾಲೆ ತುಂಬಿತು.

"ಭಾವಾರ, ವಾಸನಿ ಭಾಳ ಬರಾಕತ್ತೈತಿ."

"ಬರ್ಬೇಕು ತಂಗಿ! ಅದರ ಪವರ್ರಾ ಅದು. ಅಲರ್ಜಿ ಓಡಿಸಬೇಕಂದ್ರ ಸುಮ್ನ ಆಗ್ತೈತೇನು?"

ಅತ್ತೆ ಜಂಬಮ್ಮ ದಿಂಬಿನ ಮೇಲೆ ಅಂಗೈ ಒತ್ತಿ ತೆಗೆದಳು. "ಯವ್ವಾ, ಕೈ ಗುರುತು ಹಂಗ ಉಳೀತು ನೋಡು!"

"ಅದಕ್ಕ ಮೆಮೊರಿ ಅಂತಾರಬೇ. ಒಮ್ಮಿ ತಲಿ ಇಟ್ರ ಮರಿಯಂಗಿಲ್ಲ."

"ಹಂಗಾರ ನಿನಗಿಂತ ಅದಾ ಚಲೋ."

ದಿಂಬು ಬಂದದ್ದು ಶಿವರಂಜನಿಯ ಮಗಳು ಗಂಗಿಗೆ. ಏಳು ವರ್ಷದ ಗಂಗಿಗೆ ಧೂಳು ತಾಗಿದರೆ ಎದೆ ಕುಂಯ್‌ಗುಡುತ್ತಿತ್ತು. ಲಿಂಗಸುಗೂರಿನ ಮಕ್ಕಳ ಡಾಕ್ಟರು ನೇರವಾಗಿ "ಅಸ್ತಮಾ, ಅಂದ್ರ ದಮ್ಮು" ಎಂದು ಹೇಳಿ, ಬಾಯಿಗೆ ಹಿಡಿದು ಎಳೆಯುವ ಪಂಪನ್ನೂ ಅದಕ್ಕೊಂದು ಕೊಳವೆಯನ್ನೂ ಕೊಟ್ಟಿದ್ದರು. ಆ ಮಾತು ಹೊಸ್ತಿಲು ದಾಟಿ ಒಳಗೆ ಬರಲು ಜಂಬಮ್ಮ ಬಿಡಲಿಲ್ಲ. "ಹೆಣ್ಣ ಹುಡುಗಿ. ನಾಳೆ ವರಾ ನೋಡಾಕ ಹೋದಾಗ ಮಂದಿ ಕೇಳಿದ್ರ? ಅಲರ್ಜಿ ಅನ್ರಿ, ಮುಗೀತು." ಅಂದಿನಿಂದ ಗಂಗಿಗೆ ಅಲರ್ಜಿ. ಕೆಮ್ಮಿದರೂ ಅಲರ್ಜಿ, ಉಸಿರು ಸಿಗದೆ ಕಣ್ಣು ಮೇಲೆ ಮಾಡಿದರೂ ಅಲರ್ಜಿ.

ಕಾಲೇಜಿನಲ್ಲಿ ವಿಜ್ಞಾನ ಓದಿದ ಶಿವರಂಜನಿಗೆ ಮಾತನ್ನು ತೂಗಿ ನೋಡುವ ಚಾಳಿ. ಈ ಎರಡು ಮಾತುಗಳ ತೂಕ ಅವಳಿಗೆ ಗೊತ್ತಿತ್ತು. ದಮ್ಮಿಗೆ ಪಂಪು ಬೇಕು. ಅಲರ್ಜಿಗಾದರೆ ಶಿವಕಾಂತನ ದಿಂಬು ಸಾಕು.

ದಿಂಬಿನ ಬಗ್ಗೆ ಅವಳು ಓದಿ ನೋಡಿದಳು. ಪೂರಾ ಸುಳ್ಳೂ ಆಗಿರಲಿಲ್ಲ, ಅದೇ ಅವಳಿಗೆ ಸಿಟ್ಟು. ಹಳೆಯ ಹತ್ತಿ ದಿಂಬಿನಲ್ಲಿ ಸೇರಿದಷ್ಟು ಸಲೀಸಾಗಿ ಧೂಳಿನ ಹುಳ ಫೋಮಿನೊಳಗೆ ಸೇರುವುದಿಲ್ಲವಂತೆ. ಆದರೆ ಹೊಸದರ ವಾಸನೆಯೇ ಕೆಲವರಿಗೆ ಉಸಿರು ಕಟ್ಟಿಸುತ್ತದೆ. ಮೊದಲು ಗಾಳಿಗಿಟ್ಟು ವಾಸನೆ ಕಳೆಯಬೇಕು, ಮೇಲಿನ ಗವಸಣಿಗೆಯನ್ನು ಬಿಸಿನೀರಿನಲ್ಲಿ ಒಗೆಯುತ್ತಿರಬೇಕು. ಅವಳು ದಿಂಬನ್ನು ಮಾಳಿಗೆಯ ನೆರಳಿನಲ್ಲಿ ಗಾಳಿಗಿಟ್ಟಳು. ಸಂಜೆಯೊಳಗೆ ಶಿವಕಾಂತನ ಫೋನು ಬಂತು: "ಮಾಳಿಗಿ ಮ್ಯಾಲ ಇಟ್ಟೀಯಂತಲ್ಲ! ಪವರೆಲ್ಲಾ ಹಾರಿ ಹೋಗ್ತೈತಿ, ತಗಿ!" ಗಂಡ ಬಸವಲಿಂಗ ಹೋಗಿ ದಿಂಬನ್ನು ಕೆಳಗೆ ತಂದ. ಅಣ್ಣ ಹೇಳಿದ್ದಕ್ಕೆ ಹೂಂ, ಅವ್ವ ಹೇಳಿದ್ದಕ್ಕೆ ಹೂಂ, ಹೆಂಡತಿ ಹೇಳಿದ್ದಕ್ಕೆ "ನೋಡೂಣು". ಬಸವಲಿಂಗನ ಸಂಸಾರ ಇಷ್ಟರಲ್ಲೇ ನಡೆಯುತ್ತಿತ್ತು.

ಅಂಗಡಿ ತೆರೆಯುವ ದಿನ ಎಲ್ಲರೂ ಸಿಂಧನೂರಿಗೆ ಹೋದರು. ಬಸ್ಸಿನಲ್ಲೇ ಜಂಬಮ್ಮ ತಾಕೀತು ಮಾಡಿದಳು: "ಆ ಪಂಪು ಹೊರಗ ತಗೀಬ್ಯಾಡ. ದಿಂಬಿನ ಅಂಗಡ್ಯಾಗ ಅದನ್ನ ತೋರಿಸಿದ್ರ ವ್ಯಾಪಾರ ಏನಾಗಬೇಕು?"

ಗಾಜಿನ ಬಾಗಿಲು, ಒಳಗೆ ಎ.ಸಿ., ನೆಲದಿಂದ ಸೂರಿನವರೆಗೆ ಹೊಸ ಫೋಮು. ವಾಸನೆಗೆ ಶಿವರಂಜನಿಗೇ ಗಂಟಲು ಕೆರೆಯಿತು.

"ಭಾವಾರ, ಬಾಗಲಾ ಒಂದೀಟು ತಗೀರಲ್ಲ."

"ಥಂಡಿ ಹೊರಗ ಹೋಗ್ತೈತಿ ತಂಗಿ. ನಿನಗ ಅವೆಲ್ಲಾ ತಿಳಿಯಂಗಿಲ್ಲ."

ಎ.ಸಿ.ಯನ್ನು ನಿನ್ನೆ ಹಾಕಿಸಿದವನು ಹೇಳುವ ಮಾತು. ಆಮೇಲೆ ಅವನು ಮೈಕು ಹಿಡಿದು ಗಂಗಿಯನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ. "ಇಕಿ ನಮ್ಮ ತಮ್ಮನ ಮಗಳು! ಅಲರ್ಜಿಗೆ ನಿದ್ದಿ ಇರಲಿಲ್ರಿ ಕೂಸಿಗೆ! ಈಗ ನೋಡ್ರಿ ಹೆಂಗ ನಗಾಕತ್ತಾಳ!"

ಸಾಲಗುಂದದಿಂದ ಬಂದಿದ್ದ ಸಕೀನಾಬೀ ಎಂಬ ಮುದುಕಿ ದಿಂಬೊಂದನ್ನು ಒತ್ತಿ ನೋಡುತ್ತ, "ನಮ್ ಮೊಮ್ಮಗಗೂ ಹಿಂಗ ಐತ್ರಿ. ಪಂಪು ಕೊಟ್ಟಾರ. ಇದು ತಗೊಂಡ್ರ ಪಂಪು ಬಿಡಬೌದಾ?" ಎಂದಳು.

"ಬಿಟ್ಟಬಿಡ್ರಿ ಬೂಬಮ್ಮ! ಬೆಳೀಗೆ ಔಷಧ ಹೊಡಿಯೋ ಪಂಪು ಭಾಳ ಮಾರೀನಿ ನಾನು. ಹುಡುಗ್ರಿಗೆ ಯಾಕ ಪಂಪು?"

ಜನ ನಕ್ಕರು. ಶಿವರಂಜನಿ ಮಗಳ ಕೊರಳು ನೋಡುತ್ತಿದ್ದಳು. ಉಸಿರೆಳೆದಾಗೊಮ್ಮೆ ಕೊರಳ ಬುಡದ ಕುಳಿ ಒಳಗೆ ಹೋಗುತ್ತಿತ್ತು. ದೊಡ್ಡಪ್ಪ ಮೈಕಿನಲ್ಲಿ ನಗುತ್ತಾಳೆ ಎಂದಿದ್ದನಲ್ಲ, ಗಂಗಿ ಇನ್ನೂ ನಗುತ್ತಲೇ ಇದ್ದಳು.

ಶಿವರಂಜನಿ ಧಾವಿಸಿ ಮಗಳನ್ನು ಎತ್ತಿಕೊಂಡಳು. ಜಂಬಮ್ಮ ಮೊಣಕೈ ತಿವಿದು, "ಒಳಗ ಗೋಡೌನಿನ್ಯಾಗ ಕರಕೊಂಡ ಹೋಗು. ಇಲ್ಲಿ ಬ್ಯಾಡ" ಎಂದು ಪಿಸುಗುಟ್ಟಿದಳು. ಶಿವರಂಜನಿಯ ಕಾಲು ಹಳೆಯ ರೂಢಿಯಂತೆ ಆ ಕಡೆ ತಿರುಗಿಯೂ ಬಿಟ್ಟಿತು. ಪರದೆ ಸರಿಸಿದರೆ ಅಲ್ಲಿ ಕಾಲಿಡಲೂ ತೆರಪಿಲ್ಲದಂತೆ ಫೋಮೇ ಫೋಮು. ಅವಳು ಮರಳಿ ಬಂದು, ಎಲ್ಲರ ನಡುವೆ ಹಾಸಿಗೆಯ ಅಂಚಿನಲ್ಲಿ ಕುಳಿತು, ಪಂಪು ತೆಗೆದು ಅಲುಗಾಡಿಸಿ ಕೊಳವೆಗೆ ಸಿಕ್ಕಿಸಿದಳು.

"ಎಳಿ ಗಂಗಿ. ಸಾವಕಾಶ ಎಳಿ."

ಪೇಢಾ ತಟ್ಟೆ ಹಿಡಿದಿದ್ದ ಬಸವಲಿಂಗ ಹತ್ತಿರ ಬಂದ. "ರಂಜನಿ, ಮಂದಿ ನೋಡಾಕತ್ತಾರ."

"ನೋಡ್ಲಿ. ನೀವು ಮೊದಲು ಆ ಬಾಗಲಾ ತಗೀರಿ."

ಮಗಳ ತುಟಿ ಬಣ್ಣಗೆಡುತ್ತಿರುವಾಗಲೂ ಅವನು ಬಾಗಿಲು ತೆಗೆಯುವ ಮುಂಚೆ ಅಣ್ಣನ ಮುಖ ನೋಡಿದ.

"ಏನಾಗೈತಿ ಬೇಟಿ ಹುಡುಗೀಗೆ?" ಎಂದಳು ಸಕೀನಾಬೀ.

"ಏನಿಲ್ರಿ, ಅಲರ್ಜಿ," ಜಂಬಮ್ಮ ಅಡ್ಡ ಬಂದಳು.

"ದಮ್ಮು," ಎಂದಳು ಶಿವರಂಜನಿ. "ದಮ್ಮು ಐತ್ರಿ ನನ್ನ ಮಗಳಿಗೆ. ದಿಂಬು ಬೇಕಂದ್ರ ತಗೋರಿ, ವಾಸನಿ ಹೋಗೂತನಕ ಗಾಳೀಗಿಡ್ರಿ. ಮೊಮ್ಮಗನ ಪಂಪು ಮಾತ್ರ ಡಾಕ್ಟ್ರನ್ನ ಕೇಳ್ದ ಬಿಡಬ್ಯಾಡ್ರಿ."

ಸಕೀನಾಬೀ ದಿಂಬನ್ನು ಇದ್ದಲ್ಲೇ ಇಟ್ಟಳು. ಅವಳ ಹಿಂದೆ ಇನ್ನಿಬ್ಬರು ಚಪ್ಪಲಿ ಮೆಟ್ಟಿಕೊಂಡರು.

ಹೊರಗೆ ಬೇವಿನ ನೆರಳಿನಲ್ಲಿ ಗಂಗಿಯ ಉಸಿರು ಮೆಲ್ಲಗೆ ಹದಕ್ಕೆ ಬಂತು. ಹಿಂದೆಯೇ ಬಂದ ಜಂಬಮ್ಮನಿಗೆ ಮೊಮ್ಮಗಳ ಉಸಿರಿಗಿಂತ ಬೇರೆ ಚಿಂತೆ.

"ಮಂದಿ ಮುಂದ ಹೇಳಿಬಿಟ್ಟೆಲ್ಲ. ಇನ್ನ ಯಾರ ಮಾಡ್ಕೋತಾರ ಇಕಿನ್ನ?"

"ಏಳು ವರ್ಷದ ಕೂಸು, ಅತ್ತಿ. ಮೊದಲು ಬದುಕ್ಲಿ."

ಅಷ್ಟರಲ್ಲಿ ಅಂಗಡಿಯ ಮೇಲಿನ ಮೈಕಿನ ಹಾರ್ನು ಗರಗರ ಎಂದಿತು. ಶಿವಕಾಂತನ ದನಿ ರಸ್ತೆಯುದ್ದಕ್ಕೂ ಹರಡಿತು: "ಹೋಗಬ್ಯಾಡ್ರಿ, ಬರ್ರಿ! ಆ ಹುಡುಗೀದು ಅಲರ್ಜಿ ಅಲ್ರೀ, ದಮ್ಮು! ನಮ್ಮ ತಮ್ಮನ ಮಗಳು, ಮಸ್ಕಿಯಾಕಿ, ಮೊದಲಿಂದಾನ ದಮ್ಮು! ನಮ್ಮ ದಿಂಬು ಬರೇ ಅಲರ್ಜಿಗೆ!"

ಜಂಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎದುರಿನ ಚಹದಂಗಡಿಯವರು, ಆಟೋದವರು, ಭತ್ತದ ಚೀಲ ಇಳಿಸುತ್ತಿದ್ದ ಹಮಾಲರು ಎಲ್ಲರೂ ಇತ್ತ ತಿರುಗಿದರು. ಹಾರ್ನು ಮತ್ತೊಮ್ಮೆ "ದಮ್ಮು!" ಎಂದಿತು.

ಶಿವರಂಜನಿ ಪಂಪನ್ನು ಚೀಲಕ್ಕೆ ಹಾಕದೆ ಗಂಗಿಯ ಕೈಗೇ ಕೊಟ್ಟಳು.

"ಗಟ್ಟಿ ಹಿಡ್ಕೋ. ಲಿಂಗಸುಗೂರು ಬಸ್ಸು ಹತ್ತೂಣು, ಡಾಕ್ಟ್ರಿಗೆ ಒಮ್ಮಿ ತೋರಿಸೂಣು."

ಬಸವಲಿಂಗ ಪೇಢಾ ತಟ್ಟೆಯೊಂದಿಗೆ ಬಾಗಿಲಲ್ಲೇ ನಿಂತಿದ್ದ. ಅವನನ್ನು ಅವಳು ಕರೆಯಲಿಲ್ಲ.