ಹನ್ನೊಂದನೆಯ ಪ್ರಶ್ನೆ

ಮೊದಲೇ ಹೇಳಿಬಿಡುತ್ತೇನೆ. ಫೋನು ಎತ್ತಿದ ಎರಡನೇ ನಿಮಿಷಕ್ಕೇ ನನಗೆ ಕಾರಣ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಾನು ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ಸಹಾಯವಾಣಿಯವನು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಬೆಳಗಿನಿಂದ ಸಂಜೆಯವರೆಗೆ ತಲೆಗೊಂದು ಹೆಡ್‌ಫೋನು. ಸರ್ಜನ್‌ನಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ನನಗೆ ಬೈದವರೇ. ಬೈಯದೆ ಇದ್ದವರು ಒಬ್ಬರೇ, ಮೂರನೇ ಮಹಡಿಯ ಹಿರಿಯ ನರ್ಸ್. ಆಸ್ಪತ್ರೆಗೆಲ್ಲ ಅವರು ದೊಡ್ಡಕ್ಕ.

ಎರಡು ತಿಂಗಳ ಹಿಂದೆ, ಉಸಿರಿಗೆ ಒದ್ದಾಡುತ್ತಿದ್ದ ಹುಡುಗಿಯೊಬ್ಬಳಿಗೆ ದೊಡ್ಡಕ್ಕ ಡಾಕ್ಟರ ಸಹಿಗೆ ಕಾಯದೆ ಇಂಜೆಕ್ಷನ್ ಕೊಟ್ಟರು. ಹುಡುಗಿ ಬದುಕಿ ಮನೆಗೆ ಹೋದಳು. ದೊಡ್ಡಕ್ಕನೂ ಮನೆಗೆ ಹೋದರು, ಅಮಾನತಾಗಿ. ನಾನು ಹೇಳುತ್ತಿರುವ ಕರೆ ಬಂದ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಅವರ ಆನ್‌ಲೈನ್ ವಿಚಾರಣೆ ಇತ್ತು. ಆಸ್ಪತ್ರೆ ಕೊಟ್ಟ ಲ್ಯಾಪ್‌ಟಾಪಿನಿಂದಲೇ ಸೇರಬೇಕು, ಮೊಬೈಲು ಆಗದು. ಹನ್ನೊಂದೂ ಕಾಲರೊಳಗೆ ಮುಖ ತೋರಿಸದಿದ್ದರೆ ಗೈರುಹಾಜರಿ ಬರೆದು, ಕಾಗದ ನೋಡಿಯೇ ತೀರ್ಮಾನ. ಇಪ್ಪತ್ತಾರು ವರ್ಷದ ಕೆಲಸ ಆ ಹದಿನೈದು ನಿಮಿಷದಲ್ಲಿತ್ತು.

ಹತ್ತೂ ನಲವತ್ತಕ್ಕೆ ಅವರ ಕರೆ ಬಂತು.

"ತಮ್ಮಾ, ಕ್ಯಾಮೆರಾನೂ ಬರ್ತಿಲ್ಲ, ಮೈಕೂ ಬರ್ತಿಲ್ಲ. ಲ್ಯಾಪ್‌ಟಾಪಿಂದು ಕೆಟ್ಟೋಗಿದೆ ಅಂತ ಸ್ಟೋರ್‌ನವ್ರು ಈ ಮಾನಿಟರ್ ಕಳ್ಸಿದ್ರು. ಎರಡೂ ಇದರಲ್ಲೇ ಇದೆ ಅಂದಿದ್ರಪ್ಪ."

"ಚಿತ್ರ ಬರ್ತಿದ್ಯಾ ಅಕ್ಕ?"

"ಚೆನ್ನಾಗೇ ಬರ್ತಿದೆ. ಒಂದೇ ವೈರು, ನಾನೇ ಹಾಕ್ದೆ, ಯಾರ್ನೂ ಕರೀಲಿಲ್ಲ!"

ಅಷ್ಟೇ ಸಾಕಾಗಿತ್ತು. ಆ ಒಂದು ವೈರು ಚಿತ್ರ ತರುತ್ತದೆ. ಕ್ಯಾಮೆರಾ, ಮೈಕುಗಳಿಗೆ ಇನ್ನೊಂದು ಬೇಕು, ಯುಎಸ್‌ಬಿಯದು. ಅದು ಡಬ್ಬದಲ್ಲೇ ಉಳಿದಿದೆ. ಮಾತು ನಾಲಿಗೆ ತುದಿಗೆ ಬಂದಿತ್ತು.

ಆದರೆ ನಮ್ಮಲ್ಲೊಂದು ಪಟ್ಟಿಯಿದೆ. ಹದಿನಾಲ್ಕು ಪ್ರಶ್ನೆ. ಕ್ರಮವಾಗಿ ಕೇಳಬೇಕು, ಕೇಳಿದ್ದಕ್ಕೆ ಗುರುತು ಹಾಕಬೇಕು. ಎಲ್ಲ ಕರೆಯೂ ರೆಕಾರ್ಡ್ ಆಗುತ್ತದೆ. ಹಿಂದಿನ ತಿಂಗಳು ನಾನು ಯಾರಿಗೋ ಒಂದೇ ಮಾತಿನಲ್ಲಿ ಉಪಾಯ ಹೇಳಿ ಮುಗಿಸಿದ್ದೆ. ಮೇಲ್ವಿಚಾರಕ ಆ ರೆಕಾರ್ಡಿಂಗನ್ನು ಎಲ್ಲರೆದುರು ಹಾಕಿ ಕೇಳಿಸಿದ. "ಸಮಸ್ಯೆ ಸರಿ ಮಾಡಿದ್ರಿ, ಒಪ್ತೀನಿ. ಪಟ್ಟಿ ಯಾರಪ್ಪ ಕೇಳ್ತಾನೆ? ಇನ್ನೊಂದ್ಸಲ ಹಾರಿಸಿದ್ರೆ ಮನೆಗೆ" ಎಂದ. ಬುದ್ಧಿವಂತಿಕೆ ತೋರಿಸಿದ್ದಕ್ಕೆ ಛೀಮಾರಿ ಹಾಕುವ ಜಾಗ ಅದು. ವೈರಿನ ಪ್ರಶ್ನೆ ಆ ಪಟ್ಟಿಯಲ್ಲಿ ಹನ್ನೊಂದನೆಯದು.

ನಾನು ಒಂದನೆಯದರಿಂದ ಶುರು ಮಾಡಿದೆ.

ಸಿಬ್ಬಂದಿ ಸಂಖ್ಯೆ. ಯಂತ್ರದ ಸಂಖ್ಯೆ. ಕರೆಂಟು ಇದೆಯೇ? ಇಂಟರ್‌ನೆಟ್ ಇದೆಯೇ? ಗಿಳಿಪಾಠ ಒಪ್ಪಿಸುತ್ತ ಹೋದೆ. ಬೇಗ ಬೇಗ ಮುಗಿಸಿದರೆ ಹನ್ನೊಂದು ಗಂಟೆಯೊಳಗೆ ಹನ್ನೊಂದನೆಯ ಪ್ರಶ್ನೆಗೆ ತಲುಪುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏಳನೆಯದು, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡುವುದು. ಅವರು ಮಾಡಿದರು. ಮಾಡಿದ್ದೇ ತಡ, ಎಷ್ಟು ದಿನದಿಂದ ಕಾದು ಕೂತಿತ್ತೋ, ಅಪ್‌ಡೇಟು ಶುರುವಾಯಿತು.

"ಆಫ್ ಮಾಡ್ಬೇಡಿ ಅಂತಿದೆ ತಮ್ಮಾ. ಒಂಬತ್ತು ಪರ್ಸೆಂಟು."

ಹತ್ತೂ ಐವತ್ತೊಂದು. ಮುಂದಿನ ಪ್ರಶ್ನೆ ಕೇಳಲು ಯಂತ್ರ ಏಳಬೇಕಿತ್ತು. ವೈರಿನ ಮಾತು ಆಗಲಾದರೂ ಹೇಳಬಹುದಿತ್ತು. ಡಬ್ಬ ಹುಡುಕಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಹೇಳಲಿಲ್ಲ. ಹೆದರಿದ್ದೆ, ಅಷ್ಟೇ. ಇದಕ್ಕೆ ಬಣ್ಣ ಹಚ್ಚುವುದಿಲ್ಲ.

"ಸುಮ್ನೆ ಕೂತಿರೋಕಾಗಲ್ಲ. ಅವರ ಮುಂದೆ ಹೇಳೋದು ಬರ್ಕೊಂಡಿದೀನಿ, ಓದ್ಲಾ?" ಎಂದರು ದೊಡ್ಡಕ್ಕ. ನಾನು ಹೂಂ ಅನ್ನುವ ಮೊದಲೇ ಓದತೊಡಗಿದರು.

"ಆ ಹುಡುಗಿ ತುಟಿ ನೀಲಿ ಆಗಿತ್ತು. ಸಹಿ ಹಾಕ್ಬೇಕಾದ ಡಾಕ್ಟ್ರು ಎರಡು ಮಹಡಿ ಕೆಳಗಿದ್ರು. ಕಾಯ್ಬೇಕು ಅನ್ನೋ ನಿಯಮ ನಂಗೆ ಗೊತ್ತಿತ್ತು. ಕಾದಿದ್ರೆ ನನ್ನ ಕೆಲಸ ಉಳೀತಿತ್ತು, ಅವಳು ಉಳೀತಿರ್ಲಿಲ್ಲ. ನಾಳೆ ಹಾಗೇ ಆದ್ರೂ ನಾನು ಕಾಯಲ್ಲ."

"ಚೆನ್ನಾಗಿದೆ ಅಕ್ಕ" ಎಂದೆ.

ಅಪ್‌ಡೇಟು ಮುಗಿದಾಗ ಹನ್ನೊಂದೂ ಎಂಟು. ಅವರು ವಿಚಾರಣೆಗೆ ಸೇರಿದರು. ಮೂವರು ಮೇಜಿನ ಹಿಂದೆ ಕೂತಿದ್ದಾರೆ, ಅವರ ಮಾತೂ ಕೇಳಿಸುತ್ತಿದೆ, ಅವರಿಗೆ ಮಾತ್ರ ತಾನು ಕಾಣಿಸುತ್ತಿಲ್ಲ ಎಂದರು. ಎಂಟು, ಒಂಬತ್ತು, ಹತ್ತು. ಒಂದೊಂದಕ್ಕೂ ಸೆಟ್ಟಿಂಗ್ಸ್ ತೆರೆಸಿ ಮುಚ್ಚಿಸಿದೆ.

"ಬಂದಿಲ್ಲ ಅಂತ ಬರ್ಕೊಳ್ತಿದಾರೆ ತಮ್ಮಾ! ಇಲ್ಲೇ ಇದೀನಿ, ಇಲ್ಲೇ ಇದೀನಿ ಸಾರ್!" ಆ ಕೂಗು ನನ್ನ ಕಿವಿಗಷ್ಟೇ ಬಿತ್ತು.

ಹನ್ನೊಂದನೆಯ ಪ್ರಶ್ನೆ ಕೇಳಿದೆ. ಡಬ್ಬದಲ್ಲಿ ಇನ್ನೊಂದು ವೈರು ಇದೆಯೇ?

ಇತ್ತು. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಚೌಕ. ಸಿಕ್ಕಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಕ್ಯಾಮೆರಾದ ಪಕ್ಕ ದೀಪ ಹತ್ತಿತು ಎಂದರು. ಆಗ ಹನ್ನೊಂದೂ ಹತ್ತೊಂಬತ್ತು. ಸಭೆ ಮುಗಿದಿತ್ತು.

ದೊಡ್ಡಕ್ಕ ಮೆಲ್ಲಗೆ ಕೇಳಿದರು. "ತಮ್ಮಾ, ಈ ವೈರಿನ ವಿಷ್ಯ ನಿಂಗೆ ಮೊದ್ಲೇ ಗೊತ್ತಿತ್ತಾ?"

ಕರೆ ರೆಕಾರ್ಡ್ ಆಗುತ್ತಿತ್ತು.

"ಇಲ್ಲ ಅಕ್ಕ. ಒಂದೊಂದೇ ನೋಡ್ತಾ ಹೋದ್ರೇನೇ ಗೊತ್ತಾಗೋದು."

"ಹೌದು ಬಿಡು. ನೀನೇನ್ ಮಾಡ್ತೀಯ ಪಾಪ."

ಹನ್ನೆರಡು, ಹದಿಮೂರು ಮುಗಿಸಿದೆ. ಕೊನೆಯ ಪ್ರಶ್ನೆ ಕೇಳದೆ ಕರೆ ಮುಗಿಸುವ ಹಾಗಿರಲಿಲ್ಲ. ಕೇಳಿದೆ.

"ನಿಮ್ಮ ಸಮಸ್ಯೆ ಬಗೆಹರಿದಿದೆಯೇ?"

"ಹೂಂ ಕಣಪ್ಪ" ಎಂದರು ದೊಡ್ಡಕ್ಕ. "ಈಗ ನನ್ನ ಮುಖ ನಂಗೆ ಚೆನ್ನಾಗಿ ಕಾಣಿಸ್ತಿದೆ."

ಹೌದು ಎಂಬಲ್ಲಿ ಗುರುತು ಹಾಕಿದೆ.