ಹಾಳೆಯ ಎಡಭಾಗ

ನಾನು ಕುರ್ಚಿ. ಗಾಬರಿಯಾಗಬೇಡಿ, ಜನ ಹಗಲೂ ರಾತ್ರಿ ಕಿತ್ತಾಡುತ್ತಾರಲ್ಲ, ಆ ಕುರ್ಚಿ ನಾನಲ್ಲ. ಮೈಸೂರಿನ ಮಂಡಿಮೊಹಲ್ಲಾದಲ್ಲಿ ಕಾಳಾಚಾರ್ ಎಂಬ ಬಡಗಿ ಮಾಡಿದ ತೇಗದ ಕುರ್ಚಿ. ಕೂರುವ ಜಾಗಕ್ಕೆ ಬೆತ್ತ ಹೆಣೆದಿದ್ದಾರೆ, ಕೈಗಳಿಲ್ಲ, ಬೆನ್ನು ನೆಟ್ಟಗಿದೆ. ಕಾಳಾಚಾರ್ ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಅದಕ್ಕಿಂತ ಗಟ್ಟಿಗ. ನನ್ನ ನಾಲ್ಕನೆಯ ಕಾಲು ಕೊಯ್ಯುವಾಗ ಪಕ್ಕದ ಅಂಗಡಿಯವನಿಗೆ ಯಾವುದೋ ಸಿನಿಮಾ ಕಥೆ ಹೇಳುತ್ತಿದ್ದ. ಕಥೆ ಕ್ಲೈಮ್ಯಾಕ್ಸಿಗೆ ಬಂತು, ಗರಗಸ ಗೆರೆ ತಪ್ಪಿತು. ಹಾಗಾಗಿ ನನ್ನ ಹಿಂದಿನ ಬಲಗಾಲು ಒಂದು ನೂಲಿನಷ್ಟು ಗಿಡ್ಡ. ‘ಕೂತೋರು ಭದ್ರವಾಗಿ ಕೂತ್ರೆ ಅಲ್ಲಾಡಾಕಿಲ್ಲ ಬುಡಿ’ ಎಂದು ಕಾಳಾಚಾರ್ ಕೈ ತೊಳೆದುಕೊಂಡ.

ಭದ್ರವಾಗಿ ಕೂರುವವರು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಮಾಡಿದ ತಿಂಗಳಲ್ಲೇ ನನ್ನನ್ನು ಲಾರಿಗೆ ಹಾಕಿ ಬೆಂಗಳೂರಿನ ಗಾಂಧಿನಗರಕ್ಕೆ ಕಳಿಸಿದರು. ಅಲ್ಲೊಂದು ಲಾಡ್ಜು, ಮೂರನೆಯ ಮಹಡಿ, ಇಪ್ಪತ್ತೇಳನೆಯ ನಂಬರಿನ ರೂಮು. ಸಿನಿಮಾದವರು ಬಂದು ವಾರಗಟ್ಟಲೆ ಇರುತ್ತಿದ್ದರು. ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಕಥೆಗೆ ಕೂತಿದೀವಿ’ ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಈಗಲೂ ನಗು ಬರುತ್ತದೆ. ಕಥೆಗೆ ಕೂತವರಲ್ಲಿ ಒಬ್ಬರು ಮಂಚದ ಮೇಲೆ ಮಲಗಿರುತ್ತಿದ್ದರು, ಇನ್ನೊಬ್ಬರು ಕಿಟಕಿಯಲ್ಲಿ ನಿಂತು ಸಿಗರೇಟು ಸೇದುತ್ತಿದ್ದರು, ಮತ್ತೊಬ್ಬರು ಮಸಾಲೆದೋಸೆ ಯಾಕೆ ಬರಲಿಲ್ಲವೆಂದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕೂರಿಸಿಕೊಳ್ಳಲೆಂದೇ ಹುಟ್ಟಿದ ನನ್ನ ಮೇಲೆ ಒದ್ದೆ ಟವೆಲು ಒಣಗುತ್ತಿತ್ತು.

ಅಲ್ಲಿ ಬರೆಯುವ ಕೆಲಸ ಮಾಡುತ್ತಿದ್ದವರು ಒಬ್ಬರೇ, ದೊರೆಸ್ವಾಮಿ. ಸಣ್ಣಗೆ, ಚುರುಕಾಗಿ, ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಇದ್ದರು. ಮಂಚದ ಮೇಲೆ ಮಲಗಿರುತ್ತಿದ್ದ ದೊಡ್ಡ ಸಂಭಾಷಣೆಕಾರ ಭುಜಂಗರಾಯರಿಗೆ ಅವರು ಅಸಿಸ್ಟೆಂಟು. ಬರೆಯುವ ಮುಂಚೆ ಪ್ರತಿ ಹಾಳೆಯನ್ನೂ ಉದ್ದಕ್ಕೆ ನಡುವೆ ಮಡಿಸಿ, ಉಗುರಿನಿಂದ ಗೀರಿ, ಬಿಚ್ಚುತ್ತಿದ್ದರು. ಚಿತ್ರಕಥೆಯ ಪದ್ಧತಿಯೇ ಹಾಗಂತೆ. ಎಡಗಡೆಯ ಅರ್ಧದಲ್ಲಿ ಕಣ್ಣಿಗೆ ಕಾಣುವುದು: ಯಾರು ಎಲ್ಲಿಂದ ಬಂದರು, ಏನು ಮಾಡಿದರು. ಬಲಗಡೆಯ ಅರ್ಧದಲ್ಲಿ ಮಾತು. ದೊರೆಸ್ವಾಮಿ ಬಲಗಡೆ ಮಾತ್ರ ಬರೆಯುತ್ತಿದ್ದರು. ಎಡಗಡೆ ಖಾಲಿ ಯಾಕೆ ಎಂದು ಹೊಸಬರು ಕೇಳಿದರೆ ‘ಅದನ್ನ ಡೈರೆಕ್ಟ್ರು ನೋಡ್ಕೋತಾರೆ’ ಎನ್ನುತ್ತಿದ್ದರು. ಎರಡು ಮಾತು ಬರೆದರೆ ಎದ್ದರು, ನಾಲ್ಕು ಹೆಜ್ಜೆ ನಡೆದರೆ ಕೂತರು, ನಾನು ಟಕ್ ಟಕ್ ಎನ್ನುತ್ತಿದ್ದೆ.

ಹದಿನೇಳು ವರ್ಷ ಹೀಗೇ ನಡೆಯಿತು. ಅವರ ಮಾತಿಗೆ ಥಿಯೇಟರಿನಲ್ಲಿ ಜನ ಶಿಳ್ಳೆ ಹೊಡೆಯುತ್ತಿದ್ದರು, ಪರದೆಯ ಮೇಲೆ ಮಾತ್ರ ಭುಜಂಗರಾಯರ ಹೆಸರು. ಸಹಾಯಕರು ಎಂಬ ತಲೆಬರಹದ ಕೆಳಗೆ ಹನ್ನೊಂದು ಹೆಸರುಗಳ ನಡುವೆ ದೊರೆಸ್ವಾಮಿ ಒಮ್ಮೆ ಬಂದಿದ್ದರಂತೆ. ಹೆಂಡತಿಯನ್ನು ಕರೆದುಕೊಂಡು ಹೋಗಿ ‘ಈಗ ಬರುತ್ತೆ, ಈಗ ಬರುತ್ತೆ’ ಎಂದು ತೋರಿಸುವಷ್ಟರಲ್ಲಿ ಹೆಸರು ಮೇಲಕ್ಕೆ ಹೋಗಿಯೇ ಬಿಟ್ಟಿತಂತೆ. ಇದನ್ನು ರೂಮಿನಲ್ಲಿ ನಗುತ್ತಲೇ ಹೇಳಿದರು. ಹೇಳುವಾಗ ಎರಡೂ ಕೈಯಿಂದ ನನ್ನ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದರು.

ಕಾಲ ಬದಲಾಯಿತು. ಲಾಡ್ಜಿಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು, ಸಿನಿಮಾಕ್ಕೆ ಹೊಸ ಹುಡುಗರು ಬಂದರು. ‘ಈ ಕುಂಟು ಕುರ್ಚೀನ ಬೇಕಿದ್ರೆ ತಗೊಂಡೋಗಿ ಸಾರ್’ ಎಂದ ಮ್ಯಾನೇಜರು. ದೊರೆಸ್ವಾಮಿ ನನ್ನನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಮೈಸೂರಿನ ಮನೆಗೆ ಬಂದರು. ಐವತ್ತೆರಡನೆಯ ವಯಸ್ಸಿನಲ್ಲಿ ಕಾದಂಬರಿ ಬರೆಯಲು ಕೂತರು. ಕೂತರು ಎಂದು ನಾನೂ ಆ ಸಿನಿಮಾದವರ ಹಾಗೇ ಸುಳ್ಳು ಹೇಳುತ್ತಿದ್ದೇನೆ ನೋಡಿ. ಏಳಲು ಶುರುಮಾಡಿದರು ಎನ್ನಬೇಕಿತ್ತು.

ಶಿಸ್ತಿಗೇನೂ ಕೊರತೆಯಿರಲಿಲ್ಲ, ಎಲ್ಲವೂ ಗೋಡೆಯ ಮೇಲಿತ್ತು. ಒಂದು ಹಾಳೆಯಲ್ಲಿ ದಿನಚರಿ: ಬೆಳಗ್ಗೆ ಆರರಿಂದ ಹತ್ತು, ಬರವಣಿಗೆ. ಪಕ್ಕದ ಹಾಳೆಯಲ್ಲಿ ‘ಬರೆಯುವ ಮುನ್ನ ಓದಲೇಬೇಕಾದವು’ ಎಂಬ ಪಟ್ಟಿ: ಇಪ್ಪತ್ತೊಂಬತ್ತು ಕಾದಂಬರಿ, ಹನ್ನೆರಡು ಚಿತ್ರಕಥೆ. ಬರೆಯುವ ಆಸೆಯಿಂದ ಮನೆಗೆ ಬಂದವರನ್ನೆಲ್ಲ ನಿಲ್ಲಿಸಿ ದೊರೆಸ್ವಾಮಿ ಆ ಪಟ್ಟಿ ಬರೆಸುತ್ತಿದ್ದರು. ‘ಇವನ್ನ ಓದ್ದೆ ಪೆನ್ ಮುಟ್ಬೇಡಿ’ ಎಂದು ಗದರುತ್ತಿದ್ದರು. ನಿಜ ಹೇಳುತ್ತೇನೆ, ಅವರು ಅದರಲ್ಲಿ ಅರ್ಧವನ್ನೂ ಓದಿರಲಿಲ್ಲ. ಮೊದಲ ಮೂವತ್ತು ಪುಟ ಓದುವಷ್ಟರಲ್ಲಿ ‘ಗೊತ್ತಾಯ್ತು ಬಿಡು’ ಎಂದು ಎದ್ದುಬಿಡುತ್ತಿದ್ದರು.

ನಲವತ್ತೊಂದನ್ನೂ ಓದಿದ್ದವರು ಅವರ ಹೆಂಡತಿ ಚಂಪಕಮ್ಮ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಪಟ್ಟಿಯಲ್ಲಿದ್ದ ಪುಸ್ತಕಗಳನ್ನು ಲೈಬ್ರರಿಯಿಂದ ತರುತ್ತಿದ್ದವರು ಅವರೇ, ವಾಪಸು ಕೊಡುವ ಮುಂಚೆ ಓದಿ ಮುಗಿಸುತ್ತಿದ್ದವರೂ ಅವರೇ. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆಂದರೆ ತೋಳು, ಕುತ್ತಿಗೆ, ಕೊಕ್ಕೆ ಎಲ್ಲ ಮುಗಿಯುವ ತನಕ ಏಳುತ್ತಿರಲಿಲ್ಲ. ಆ ಮೆಷಿನ್ನಿನ ಸ್ಟೂಲನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ದೊರೆಸ್ವಾಮಿಯವರ ಕಾದಂಬರಿ ಟೂರಿಂಗ್ ಟಾಕೀಸಿನಲ್ಲಿ ರೀಲು ಓಡಿಸುವ ಒಬ್ಬ ಅಣ್ಣ, ಅವನ ತಂಗಿ, ಇವರ ಕಥೆ. ಕಾದಂಬರಿಗೂ ಅವರು ಹಾಳೆ ಮಡಿಸಿದರು. ಕೈಗೆ ಬಂದ ಅಭ್ಯಾಸ, ಬಿಡುವುದು ಹೇಗೆ? ಬಲಗಡೆ ಮಾತು ಸಾಲಾಗಿ ಇಳಿಯುತ್ತಿತ್ತು, ಎಡಗಡೆ ಬೋಳಾಗಿ ಉಳಿಯುತ್ತಿತ್ತು. ಆದರೆ ಇಲ್ಲಿ ಅದನ್ನು ನೋಡಿಕೊಳ್ಳಲು ಡೈರೆಕ್ಟರು ಇರಲಿಲ್ಲ. ಏನೋ ಕಮ್ಮಿಯಾಗಿದೆ ಎಂದು ಅವರಿಗೂ ಅನ್ನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಹೊಳೆಯದಿದ್ದಾಗ ಎದ್ದು ಪೇಟೆ ಸುತ್ತಲು ಹೋಗುತ್ತಿದ್ದರು.

ಅಂಥದ್ದೊಂದು ಬೆಳಗ್ಗೆ ಚಂಪಕಮ್ಮ ಕಸ ಗುಡಿಸಲು ಬಂದು ಮೇಜಿನ ಮೇಲಿದ್ದ ಹಾಳೆ ಓದಿದರು. ತಂಗಿ ಕೇಳುತ್ತಾಳೆ, ‘ಊಟ ಮಾಡಿದ್ಯಾ ಅಣ್ಣ?’ ಅವನು, ‘ಆಯ್ತು.’ ಅಷ್ಟೇ ಇತ್ತು. ‘ಮಾಡಿದ್ನೋ ಇಲ್ವೋ, ಯಾರಿಗ್ ಗೊತ್ತಾಗ್ಬೇಕು!’ ಎಂದು ಚಂಪಕಮ್ಮ ಗೊಣಗಿದರು. ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಮೇಲೆ ಕೂತರು. ಎಡಗಡೆ ಬರೆದರು: ‘ಅವನು ಊಟ ಮಾಡಿರಲಿಲ್ಲ. ಒಣಗಿದ ತಟ್ಟೆಯನ್ನು ಅವಳು ಬಾಗಿಲಲ್ಲೇ ನೋಡಿದ್ದಳು. ಆದರೂ ಕೇಳಿದಳು, ಸುಳ್ಳನ್ನಾದರೂ ಹೇಳಲಿ ಎಂದು.’ ಒಂದು ಗಂಟೆ ಬರೆದರು. ಅಷ್ಟು ಹೊತ್ತೂ ನಾನು ಒಂದು ಸಲವೂ ಟಕ್ ಎನ್ನಲಿಲ್ಲ. ನನ್ನ ಮೇಲೆ ಹೀಗೂ ಕೂರಬಹುದೆಂದು ನನಗೆ ಗೊತ್ತಾದದ್ದು ಅಂದು.

ದೊರೆಸ್ವಾಮಿ ಬಂದು ಓದಿದರು. ಮೂರು ಸಲ ಓದಿದರು. ಮಾರನೆಯ ದಿನ ಹೊರಗೆ ಹೋಗುವಾಗ ಹತ್ತು ಹಾಳೆ ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದಿಟ್ಟು ಹೋದರು. ಹೀಗೆ ಒಂದೂವರೆ ವರ್ಷ ಕಳೆಯಿತು. ಅವರು ಎದ್ದ ಹೊತ್ತಿಗೆ ಇವರು ಕೂರುವುದು. ಈ ಬಗ್ಗೆ ಇಬ್ಬರೂ ಬಾಯಿಬಿಟ್ಟು ಒಂದು ಮಾತಾಡಲಿಲ್ಲ. ಆದರೆ ಯಾರಾದರೂ ಮನೆಗೆ ಬಂದರೆ ದೊರೆಸ್ವಾಮಿ ಎಡಗಡೆಯದ್ದನ್ನೇ ಹುಡುಕಿ ಗಟ್ಟಿಯಾಗಿ ಓದಿ, ‘ಹೇಗಿದೆ?’ ಎನ್ನುತ್ತಿದ್ದರು. ಬಂದವರು ‘ಎಂಥ ಕಣ್ಣು ಸಾರ್ ನಿಮ್ದು’ ಎನ್ನುತ್ತಿದ್ದರು. ಕಾಫಿ ತಂದ ಚಂಪಕಮ್ಮ ಅದನ್ನು ಕೇಳಿಸಿಕೊಂಡು ಲೋಟ ಇಟ್ಟು ಒಳಗೆ ಹೋಗುತ್ತಿದ್ದರು. ಕುರ್ಚಿಗೆ ಬಾಯಿ ಕೊಡದ ಕಾಳಾಚಾರನ ಮೇಲೆ ನನಗೆ ಆಗೆಲ್ಲ ಸಿಟ್ಟು ಬರುತ್ತಿತ್ತು.

ಕಾದಂಬರಿ ಮುಗಿಯಿತು. ಒಟ್ಟು ಇನ್ನೂರ ಎಂಬತ್ತಾರು ಹಾಳೆ. ಪ್ರಕಾಶಕ ಚೆನ್ನಕೇಶವ ಒಂದು ಭಾನುವಾರ ಸಂಜೆ ಐದಕ್ಕೆ ಬಂದು ಒಯ್ಯುವುದೆಂದು ನಿಶ್ಚಯವಾಯಿತು. ಆ ಬೆಳಗ್ಗೆ ದೊರೆಸ್ವಾಮಿ ಮೊದಲ ಹಾಳೆಯನ್ನು ಮಡಿಸಿ, ಬಿಚ್ಚಿ, ಬಲಗಡೆ ಕಾದಂಬರಿಯ ಹೆಸರನ್ನೂ ಕೆಳಗೆ ತಮ್ಮ ಹೆಸರನ್ನೂ ದುಂಡಗೆ ಬರೆದರು. ಚಂಪಕಮ್ಮ ಬಾಗಿ ನೋಡಿದರು.

“ಏನ್ರೀ, ಇದ್ರಲ್ಲಿ ನಂದೆಲ್ಲಿ?”

“ನಿಂದಾ? ಎರಡನೇ ಪುಟ ನೋಡು. ಅರ್ಪಣೆ ನಿಂಗೇ.”

ಎರಡನೆಯ ಪುಟದಲ್ಲಿ ‘ಪ್ರೀತಿಯ ಮಡದಿಗೆ’ ಎಂದಿತ್ತು. ಆ ಮಡದಿಗೆ ಒಂದು ಹೆಸರಿರಲಿಲ್ಲ.

“ಎಡಗಡೆ ಬರ್ದೋಳು ನಾನಲ್ವಾ?” ಎಂದರು ಚಂಪಕಮ್ಮ.

“ಅಯ್ಯೋ, ನಮ್ ಲೈನಲ್ಲಿ ಇದೆಲ್ಲ ಇದ್ದದ್ದೇ ಚಂಪಾ. ಅಸಿಸ್ಟೆಂಟ್ ಬರೀತಾರೆ, ಹೆಸರು ಒಬ್ರದೇ ಹೋಗೋದು. ಅದಕ್ಕೆಲ್ಲ ಬೇಜಾರು ಮಾಡ್ಕೊಂಡ್ರೆ ಆಗುತ್ತಾ?” ಎಂದು ದೊರೆಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಎಲೆಅಡಿಕೆ ತರಲು ಹೊರಟರು.

ಚಂಪಕಮ್ಮ ನನ್ನ ಮೇಲೆ ಕೂತರು. ಆಮೇಲೆ ಮೊದಲ ಹಾಳೆ ಎತ್ತಿಕೊಂಡು ನಡುವಿನ ಮಡಿಕೆಯ ಮೇಲೆ ಹೆಬ್ಬೆರಳು ಓಡಿಸಿ ಪರ್ರೆಂದು ಹರಿದರು. ಬಟ್ಟೆ ಹರಿದು ಪಳಗಿದ ಕೈ, ನೂಲು ಹಿಡಿದಂತೆ ನೇರವಾಗಿ ಹರಿಯಿತು. ಒಂದು ಅಕ್ಷರಕ್ಕೂ ಪೆಟ್ಟಾಗಲಿಲ್ಲ. ಎರಡನೆಯದು, ಮೂರನೆಯದು. ಅವರು ಅಳುತ್ತಿದ್ದರು, ಆದರೂ ನಿಲ್ಲಿಸಲಿಲ್ಲ. ಇನ್ನೂರ ಎಂಬತ್ತಾರು ಮುಗಿದಾಗ ಮೇಜಿನ ಮೇಲೆ ಎರಡು ಕಟ್ಟುಗಳಿದ್ದವು.

ಪೇಟೆಯಲ್ಲಿ ಯಾರೋ ಸಿಕ್ಕಿ ಮಾತಿಗೆ ನಿಂತಿದ್ದ ದೊರೆಸ್ವಾಮಿ ಹತ್ತು ಗಂಟೆಯ ಮೇಲೆ ಬಂದರು, ನೋಡಿದರು, ಎಲೆಅಡಿಕೆ ಕೈಯಿಂದ ಜಾರಿತು. “ಏನೇ ಇದು! ತಲೆಗಿಲೆ ಕೆಟ್ಟಿದ್ಯಾ ನಿಂಗೆ?”

“ಬಲಗಡೆ ನಿಮ್ದು, ಅವ್ರಿಗೆ ಕೊಟ್ಟು ಕಳ್ಸಿ. ಎಡಗಡೆ ನಂದು, ನಾನಿಟ್ಕೋತೀನಿ.” ಚಂಪಕಮ್ಮ ತಮ್ಮ ಕಟ್ಟನ್ನು ಮಡಿಲಿಗೆ ಹಾಕಿಕೊಂಡು ಹೊಲಿಗೆ ಮೆಷಿನ್ನಿನ ಹತ್ತಿರ ಹೋಗಿ ಕೂತರು.

“ಐದು ಗಂಟೆಗೆ ಚೆನ್ನಕೇಶವ ಬರ್ತಾನೆ ಕಣೇ!”

“ಬರ್ಲಿ. ಕಾಫಿ ಮಾಡ್ಕೊಡ್ತೀನಿ.”

ದೊರೆಸ್ವಾಮಿ ಕೂಗಾಡಿದರು, ಆ ಕೋಣೆಯಿಂದ ಈ ಕೋಣೆಗೆ ನಾಲ್ಕು ಸಲ ಹೋದರು. ಕೊನೆಗೆ ನನ್ನ ಮೇಲೆ ಕುಸಿದು ತಮ್ಮ ಕಟ್ಟನ್ನು ಓದತೊಡಗಿದರು. ಊಟ ಮಾಡಿದ್ಯಾ, ಆಯ್ತು. ಯಾವಾಗ ಬಂದೆ, ಈಗ. ಬರೀ ಮಾತು. ಯಾರೋ, ಎಲ್ಲಿಯೋ, ಯಾಕೋ. ಹತ್ತು ಹಾಳೆ ಓದುವಷ್ಟರಲ್ಲಿ ಅವರ ಕೈ ನಿಂತಿತು. ನಾನು ಅವರನ್ನು ಹೊತ್ತ ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಭಾರವಾಗಿ ಕೂತದ್ದಿಲ್ಲ.

“ಭುಜಂಗರಾಯರಿಗೆ ಎಷ್ಟು ಶಾಪ ಹಾಕಿದೀನಿ ನಾನು, ಹದಿನೇಳು ವರ್ಷ,” ಎಂದರು ಮೆಲ್ಲಗೆ. “ಅವ್ರೂ ಹೀಗೇ ಅಂತಿದ್ರು. ನಮ್ ಲೈನಲ್ಲಿ ಇದ್ದದ್ದೇ ಅಂತ.”

ದೊರೆಸ್ವಾಮಿ ಎದ್ದರು. ಎದ್ದು ಪೇಟೆಗೆ ಹೋಗಲಿಲ್ಲ, ಅಡುಗೆಮನೆಗೆ ಹೋದರು. “ಮೈದಾ ಎಲ್ಲಿದೆ?” “ಕೆಂಪು ಡಬ್ಬ.” ಗಂಟುಗಂಟಾದ ಅಂಟು ಕಾಯಿಸಿಕೊಂಡು, ಹಳೆಯ ಪತ್ರಿಕೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿಕೊಂಡು ಬಂದು ಕೂತರು. ತಮ್ಮ ಹೆಸರಿದ್ದ ಮೊದಲ ಹಾಳೆಯ ಅರ್ಧವನ್ನು ಮುಂದಿಟ್ಟುಕೊಂಡು ಕೈ ಚಾಚಿದರು.

“ಇದರ ಎಡಗಡೆ ಕೊಡು.”

“ಅದ್ರಲ್ಲಿ ಏನೂ ಇಲ್ಲ, ಖಾಲಿ.”

“ಅದಕ್ಕೇ ಕೇಳ್ತಿರೋದು. ನಿನ್ ಹೆಸರು ಬರ್ಕೊಡು.”

ಚಂಪಕಮ್ಮ ಆ ಅರ್ಧ ಹಾಳೆ ತಂದರು. ಪೆನ್ನು ಹಿಡಿದು ಅನುಮಾನದಿಂದ ನಿಂತರು. “ಇಲ್ಲಿ ಬರೆದ್ರೆ ನಿಮಗಿಂತ ಮುಂಚೆ ಬರುತ್ತಲ್ರೀ. ಜನ ಎಡಗಡೆಯಿಂದ ತಾನೇ ಓದೋದು?”

“ಗೊತ್ತು,” ಎಂದರು ದೊರೆಸ್ವಾಮಿ. “ಬರಿ.”

ಚಂಪಕಮ್ಮ ‘ಚಂಪಕಾ’ ಎಂದು ಬರೆದರು. ಶ್ರೀಮತಿ ಎಂದು ಸೇರಿಸಲಿಲ್ಲ. ದೊರೆಸ್ವಾಮಿ ಎರಡೂ ಅರ್ಧಗಳನ್ನು ಜೋಡಿಸಿ ಹಿಂದೆ ಪಟ್ಟಿ ಅಂಟಿಸಿದರು. ಆಮೇಲೆ ‘ಎರಡನೇದು ಕೊಡು’, ‘ಮೂರನೇದು ಕೊಡು’ ಎಂದು ಒಂದೊಂದನ್ನೂ ಕೇಳಿ ಈಸಿಕೊಂಡು ಅಂಟಿಸುತ್ತಾ ಹೋದರು. ಎರಡನೆಯ ಹಾಳೆಯ ಅರ್ಪಣೆಯನ್ನು ತಾವೇ ಹೊಡೆದುಹಾಕಿದರು. ಊಟಕ್ಕೆ ಏಳಲಿಲ್ಲ. ಚಂಪಕಮ್ಮ ತಟ್ಟೆಯನ್ನು ಮೇಜಿಗೇ ತಂದಿಟ್ಟರು. ಸುಮಾರು ಇನ್ನೂರನೆಯ ಹಾಳೆಯ ಹೊತ್ತಿಗೆ ನನ್ನ ಹಳೆಯ ಬೆತ್ತ ತಡೆಯಲಾರದೆ ನಡುವೆ ಕಿತ್ತುಹೋಯಿತು. ದೊರೆಸ್ವಾಮಿ ಅರ್ಧ ಒಳಕ್ಕೆ ಇಳಿದರು, ಹಾಗೇ ಇಳಿದುಕೊಂಡೇ ಅಂಟಿಸಿದರು. ನನಗೆ ನೋವಾಯಿತು, ಆದರೆ ಇಂಥ ದಿನಕ್ಕಾಗಿ ಕಾಯದ ಕುರ್ಚಿ ಯಾವುದಿದೆ?

ಐದು ಗಂಟೆಗೆ ಚೆನ್ನಕೇಶವ ಬಂದ. ಅಂಟಿನಿಂದ ಉಬ್ಬಿದ ಕಟ್ಟನ್ನು ತಿರುವಿ ನೋಡಿ, ಮೊದಲ ಹಾಳೆಯಲ್ಲಿ ತಡೆದು ನಿಂತ. “ಸಾರ್, ಇದ್ಯಾರು ಮೊದಲಿಗೆ? ನಿಮ್ ಅಸಿಸ್ಟೆಂಟಾ?”

“ಅಲ್ಲಪ್ಪ,” ಎಂದರು ದೊರೆಸ್ವಾಮಿ, ನನ್ನೊಳಗಿಂದ ಏಳಲಾಗದೆ ಕೂತಲ್ಲಿಂದಲೇ. “ಕಾದಂಬರಿ ಅವಳದ್ದು. ನಾನು ಡೈಲಾಗ್ ಮಾತ್ರ.”

ಇದಾಗಿ ಆರು ವರ್ಷ. ಬೆತ್ತದ ಜಾಗಕ್ಕೆ ಪ್ಲೈವುಡ್ ಬಡಿದಿದ್ದಾರೆ. ಈಗ ನಾನಿರುವುದು ಅಡುಗೆಮನೆಯ ಪಕ್ಕದ ಮೂಲೆಯಲ್ಲಿ, ಚಂಪಕಮ್ಮನ ಮೇಜಿನ ಮುಂದೆ. ಹೊಸದೊಂದು ಬರೆಯುತ್ತಿದ್ದಾರೆ, ಹಾಳೆ ಮಡಿಸದೆ, ಈ ತುದಿಯಿಂದ ಆ ತುದಿಗೆ. ದೊರೆಸ್ವಾಮಿ ಬಾಗಿಲಿಗೆ ಬಂದು ‘ಎಲ್ಲೀವರೆಗೆ ಬಂತು?’ ಎಂದು ಕೇಳುತ್ತಾರೆ. ಕತೆ ಏನೆಂದು ತಿಳಿಯುವ ಕಾತರ ನನಗೂ ಇದೆ, ಆದರೆ ಚಂಪಕಮ್ಮನ ಬೆನ್ನು ಅಡ್ಡವಿರುತ್ತದೆ. ಒಂದು ಗಳಿಗೆ ಎದ್ದರೆ ಇಣುಕಿ ಓದಬಹುದು. ಅವರು ಏಳುವುದೇ ಇಲ್ಲ.